ಟೇಪ್ ಸುತ್ತಿಕೊಂಡು ಬಂಡೆ ಹತ್ತಬಹುದಾ?

ಪ್ರಶ್ನೆ: ನನಗೆ 28 ವರ್ಷ. ಶಿವಮೊಗ್ಗದಲ್ಲಿ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ನಾವು ನಾಲ್ಕು ಜನ ಗೆಳೆಯರು ತಿಂಗಳಿಗೆ ಎರಡು ಸಲ ಶನಿವಾರ ಬೆಳಗಿನ ಜಾವ ಕಾರು ಹತ್ತಿ ಆನೆಗೊಂದಿ, ಸಾಣಾಪುರದ ಕಡೆ ಬೌಲ್ಡರಿಂಗ್‌ಗೆ, ಅಂದರೆ ಹಗ್ಗವಿಲ್ಲದೆ ಗಿಡ್ಡ ಬಂಡೆ ಹತ್ತಲಿಕ್ಕೆ ಹೋಗುತ್ತೇವೆ. ಐದು ವಾರದ ಹಿಂದೆ ಕಿರಿದಾದ ಒಂದು ಅಂಚು ಹಿಡಿದಿದ್ದಾಗ ಕಾಲು ಜಾರಿತು. ಬಲಗೈ ಉಂಗುರ ಬೆರಳಲ್ಲಿ ‘ಟಪ್’ ಅಂತ ಶಬ್ದ ಬಂತು, ಕೆಳಗೆ ನಿಂತಿದ್ದವನಿಗೂ ಕೇಳಿಸಿತು. ಬೆರಳಿನ ಬುಡ ಎರಡು ದಿನ ಊದಿತ್ತು. ಎಕ್ಸ್-ರೇ ತೆಗೆಸಿದೆ. ಏನೂ ಆಗಿಲ್ಲ ಅಂದರು, ಆದರೆ ಬಂಡೆ ಹತ್ತೋದನ್ನ ಪೂರ್ತಿ ಬಿಟ್ಟುಬಿಡಿ ಅಂತಲೂ ಅಂದರು. ‘ನರ ಎಳೆದಿದೆ’ ಅಂತ ಊರಲ್ಲಿ ಒಬ್ಬರು ಎಣ್ಣೆ ಹಾಕಿ ಎಳೆದರು, ನೋವು ಜಾಸ್ತಿಯಾಯಿತು. ಹೋದ ವಾರ ಟೇಪ್ ಸುತ್ತಿಕೊಂಡು ಹತ್ತಿದೆ. ಮೈ ಬಿಸಿಯಾದ ಮೇಲೆ ನೋವೇ ಇರಲಿಲ್ಲ. ಮಾರನೇ ಬೆಳಿಗ್ಗೆ ನಲ್ಲಿ ತಿರುಗಿಸಲಿಕ್ಕೂ ಆಗಲಿಲ್ಲ. ಇದಲ್ಲದೆ ಎಡಗೈ ನಡುಬೆರಳಿನ ಮಧ್ಯದ ಗೆಣ್ಣು ಮೂರು ತಿಂಗಳಿಂದ ಬೆಳಿಗ್ಗೆ ಹೊತ್ತು ಬಿಗಿಯಾಗಿರುತ್ತದೆ. ಒಬ್ಬ ಗೆಳೆಯ ಟೇಪ್ ಸಾಕು ಅಂತಾನೆ. ಇನ್ನೊಬ್ಬ ಇಂಜೆಕ್ಷನ್ ತಗೋ, ನಮ್ಮ ಅತ್ತೆಗೆ ಅದರಿಂದಲೇ ವಾಸಿಯಾಯಿತು ಅಂತಾನೆ. ಮುಂದಿನ ಟ್ರಿಪ್‌ಗೆ ಮೂರು ವಾರ ಇದೆ. ಹೋಗಬಹುದಾ? ಆಪರೇಷನ್ ಬೇಕಾಗುತ್ತಾ? ಜೊತೆಗೆ ಬರುವ ಗೆಳೆಯನ ತಮ್ಮ ಹತ್ತನೇ ಕ್ಲಾಸ್ ಹುಡುಗ. ಅವನಿಗೂ ನಡುಬೆರಳು ನೋಯುತ್ತಿದೆ. ಅವನೂ ಟೇಪ್ ಹಾಕಿಕೊಂಡರೆ ಸಾಕಾ?

ಉತ್ತರ: ನೀವು ಬರೆದಿದ್ದನ್ನು ನೋಡಿದರೆ ಬೆರಳು ಶಾಶ್ವತವಾಗಿ ಹಾಳಾದ ಹಾಗೆ ಕಾಣುವುದಿಲ್ಲ. ಆಪರೇಷನ್ ಬೇಕಾಗುವ ಸಾಧ್ಯತೆಯೂ ಕಮ್ಮಿ. ಆದರೆ ಹೋದ ವಾರ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿದರೆ, ಮೂರು ತಿಂಗಳಲ್ಲಿ ಮುಗಿಯಬೇಕಾದದ್ದು ವರ್ಷಗಟ್ಟಲೆ ಎಳೆಯುತ್ತದೆ.

‘ಹೋಗಬಹುದಾ’ ಅಂತ ಒಂದೇ ಮಾತಲ್ಲಿ ಕೇಳಿದ್ದೀರಿ. ಅದರಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಗೆಳೆಯರ ಜೊತೆ ಹೋಗಬಹುದಾ ಅನ್ನೋದು ಒಂದು. ಅಲ್ಲಿ ಬಂಡೆ ಹತ್ತಬಹುದಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಈಗಲೇ ಹೌದು ಅನ್ನುತ್ತೇನೆ. ಎರಡನೆಯದನ್ನು ಶಿವಮೊಗ್ಗ ಬಿಡುವ ಮುಂಚೆಯೇ ತೀರ್ಮಾನ ಮಾಡಿಕೊಂಡಿರಬೇಕು. ಬಂಡೆಯ ಬುಡದಲ್ಲಿ ನಿಂತು ಮಾಡುವ ತೀರ್ಮಾನ ಅದಲ್ಲ. ನನ್ನ ಹತ್ತಿರ ಬೆರಳು ಹಿಡಿದುಕೊಂಡು ಬರುವ ಹುಡುಗರು ಹೆಚ್ಚಿನವರು ಹೇಳುವ ಮಾತು ಒಂದೇ: ‘ಸಾಕು ಅಂತ ಕೂತಿದ್ದೆ ಸಾರ್, ಇನ್ನೊಂದೇ ಒಂದು ಸಲ ಅಂತ ಎದ್ದೆ.’ 

ಈಗ ಬೆರಳಿನ ವಿಷಯ. ಬೆರಳ ಒಳಗೆ ಅದನ್ನು ಮಡಚುವ ಮಾಂಸಖಂಡ ಇಲ್ಲ. ಆ ಮಾಂಸಖಂಡಗಳು ಮೊಣಕೈ ಕೆಳಗಿನ ಭಾಗದಲ್ಲಿವೆ. ಅಲ್ಲಿಂದ ಹುರಿಯ ಹಾಗೆ ಟೆಂಡನ್‌ಗಳು ಹೊರಟು ಅಂಗೈ ದಾಟಿ ಬೆರಳಿಗೆ ಬರುತ್ತವೆ. ಒಂದು ನಡುವಿನ ಮೂಳೆಗೆ ಅಂಟಿಕೊಳ್ಳುತ್ತದೆ, ಇನ್ನೊಂದು ತುದಿಯ ಮೂಳೆಯ ತನಕ ಹೋಗುತ್ತದೆ. ನಮ್ಮ ಕಡೆ ಇದನ್ನೇ ‘ನರ’ ಅನ್ನುತ್ತಾರೆ. ನರ ಬೇರೆ, ಟೆಂಡನ್ ಬೇರೆ. ನರ ಸುದ್ದಿ ಮುಟ್ಟಿಸುತ್ತದೆ, ಟೆಂಡನ್ ಎಳೆಯುತ್ತದೆ.

ಈ ಟೆಂಡನ್ ಮೂಳೆಗೆ ಒತ್ತಿಕೊಂಡೇ ಓಡಾಡಬೇಕು. ಅದಕ್ಕಾಗಿ ಬೆರಳಿನ ಉದ್ದಕ್ಕೂ ಗಟ್ಟಿಯಾದ ಚಿಕ್ಕ ಚಿಕ್ಕ ಪಟ್ಟಿಗಳಿವೆ. ಡಾಕ್ಟರುಗಳು ಅವನ್ನು ಪುಲ್ಲಿ ಅನ್ನುತ್ತಾರೆ, ಆದರೆ ಬಾವಿ ರಾಟೆಯ ಹಾಗೆ ಅವು ತಿರುಗುವುದಿಲ್ಲ. ಗಾಜನೂರು ಹಿನ್ನೀರಲ್ಲಿ ಮೀನು ಹಿಡಿಯುವವರ ರಾಡ್ ನೋಡಿದ್ದೀರಲ್ವಾ? ರಾಡ್ ಮೇಲೆ ಸಾಲಾಗಿ ರಿಂಗ್‌ಗಳಿರುತ್ತವೆ. ದಾರ ಅವುಗಳ ಒಳಗಿಂದ ಹೋಗುತ್ತದೆ. ಮೀನು ಎಳೆದಾಗ ರಾಡ್ ಬಾಗುತ್ತದೆ, ದಾರವೂ ಅದರ ಜೊತೆಗೇ ಬಾಗುತ್ತದೆ. ಮಧ್ಯದ ಒಂದು ರಿಂಗ್ ಕಿತ್ತುಹೋದರೆ ಅಲ್ಲಿ ದಾರ ರಾಡ್ ಬಿಟ್ಟು ದೂರ ನಿಲ್ಲುತ್ತದೆ. ಬೆರಳಿನ ಪಟ್ಟಿ ಹರಿದರೂ ಹಾಗೇ ಆಗುತ್ತದೆ.

ಹತ್ತುವವರಲ್ಲಿ ಜಾಸ್ತಿ ಪೆಟ್ಟಾಗುವುದು ಬೆರಳಿನ ಬುಡದ ಮೂಳೆ ಮೇಲಿರುವ ಪಟ್ಟಿಗೆ. ವೈದ್ಯರ ಲೆಕ್ಕದಲ್ಲಿ ಅದು ಎ2. ಬೆರಳುಗಳಲ್ಲಿ ಉಂಗುರ ಬೆರಳು ಮತ್ತು ನಡುಬೆರಳಿಗೇ ಈ ತೊಂದರೆ ಜಾಸ್ತಿ. ನೀವು ಹಿಡಿದಿದ್ದು ಕಿರಿದಾದ ಅಂಚು, ಅಂದರೆ ಕ್ರಿಂಪ್. ಅದರಲ್ಲಿ ಮಧ್ಯದ ಗೆಣ್ಣು ಚೆನ್ನಾಗಿ ಮಡಚಿರುತ್ತದೆ, ತುದಿಯ ಗೆಣ್ಣು ಹಿಂದಕ್ಕೆ ಬಾಗಿರುತ್ತದೆ. ಹಾಗೆ ಹಿಡಿದಾಗ ಆ ಪಟ್ಟಿಯ ಮೇಲೆ ಬೀಳುವ ಒತ್ತಡ, ಬೆರಳು ಚಾಚಿ ಹಿಡಿದಾಗ ಬೀಳುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಷ್ಟರಲ್ಲಿ ಕಾಲು ಜಾರಿತು. ಕಾಲು ಹೊತ್ತಿದ್ದ ಭಾರ ಒಂದೇ ಏಟಿಗೆ ಬೆರಳಿಗೆ ಬಂತು. ಟಪ್ ಅಂದಿದ್ದು ಅದೇ.

ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ ಅಂದರೆ ಮೂಳೆ ಮುರಿದಿಲ್ಲ ಅಂತ ಅರ್ಥ, ಅಷ್ಟೇ. ಪಟ್ಟಿ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ನಿಮಗೆ ಈಗ ಬೇಕಾಗಿರುವುದು ಬೆರಳಿನ ಅಲ್ಟ್ರಾಸೌಂಡ್, ಹೊಟ್ಟೆಗೆ ಮಾಡುತ್ತಾರಲ್ಲ, ಅದೇ ಸ್ಕ್ಯಾನ್. ಒಂದು ಮಾತು ಮಾತ್ರ ಬರೆಸಿಕೊಂಡು ಹೋಗಿ: ಬೆರಳನ್ನು ಮಡಚಿ, ಒತ್ತಿ ಹಿಡಿದ ಸ್ಥಿತಿಯಲ್ಲೂ ನೋಡಬೇಕು. ಸುಮ್ನೆ ಚಾಚಿ ಮಲಗಿಸಿದ ಬೆರಳಿನಲ್ಲಿ ಹರಿದ ಪಟ್ಟಿ ತಪ್ಪಿಹೋಗಬಹುದು. ಒತ್ತಿದಾಗ ಟೆಂಡನ್ ಮೂಳೆಯಿಂದ 2 ಮಿಲಿಮೀಟರ್‌ಗಿಂತ ಜಾಸ್ತಿ ದೂರ ಹೋದರೆ ಪಟ್ಟಿ ಪೂರ್ತಿ ಹರಿದಿರಬಹುದು ಅಂತ ಲೆಕ್ಕ. ಅಲ್ಲಿ ಸರಿಯಾಗಿ ಗೊತ್ತಾಗದಿದ್ದರೆ ಮಾತ್ರ ಎಂಆರ್‌ಐ.

ಪೆಟ್ಟನ್ನು ನಾಲ್ಕು ಹಂತವಾಗಿ ವಿಂಗಡಿಸುತ್ತಾರೆ. ಬರೀ ಹಿಗ್ಗಿದ್ದರೆ ಮೊದಲನೆಯದು, ಎ2 ಅರ್ಧಂಬರ್ಧ ಹರಿದಿದ್ದರೆ ಎರಡನೆಯದು, ಅದೊಂದೇ ಪೂರ್ತಿ ಹರಿದಿದ್ದರೆ ಮೂರನೆಯದು. ಈ ಮೂರಕ್ಕೂ ಸಾಮಾನ್ಯವಾಗಿ ಆಪರೇಷನ್ ಬೇಡ. ಮೂರನೆಯ ಹಂತದಲ್ಲೂ ಆರರಿಂದ ಎಂಟು ವಾರಕ್ಕೆ ಹಗುರವಾಗಿ ಶುರುಮಾಡಿ, ಮೂರು ತಿಂಗಳ ಹೊತ್ತಿಗೆ ಮೊದಲಿನ ಹಾಗೆ ಹತ್ತುವವರಿದ್ದಾರೆ. ಒಂದಕ್ಕಿಂತ ಹೆಚ್ಚು ಪಟ್ಟಿ ಒಟ್ಟಿಗೆ ಹರಿದರೆ, ಅಥವಾ ಗೆಣ್ಣಿನ ಪಕ್ಕದಲ್ಲಿ ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್‌ಗೂ ಪೆಟ್ಟಾಗಿದ್ದರೆ ನಾಲ್ಕನೆಯ ಹಂತ. ಆಗ ಕೈ ಸರ್ಜರಿ ಮಾಡುವವರನ್ನು ನೋಡಬೇಕು. ಬೆರಳು ಮಡಚಿ ಒತ್ತಿದಾಗ ಅಂಗೈ ಕಡೆ ಹುರಿಯೊಂದು ಎದ್ದು ನಿಂತ ಹಾಗೆ ಕಂಡರೆ ಸ್ಕ್ಯಾನ್ ತಡಮಾಡಬೇಡಿ.

‘ಪೂರ್ತಿ ಬಿಟ್ಟುಬಿಡಿ’ ಅಂದಿದ್ದನ್ನು ನಾನು ಒಪ್ಪುವುದಿಲ್ಲ. ಹಾಗೆ ಹೇಳಿದವರ ಕಾಳಜಿ ಅರ್ಥವಾಗುತ್ತದೆ. ಆದರೆ ಪಟ್ಟಿ ಕೂಡಿಕೊಳ್ಳಬೇಕಾದರೆ, ಕೂಡಿಕೊಂಡದ್ದು ಗಟ್ಟಿಯಾಗಬೇಕಾದರೆ ಅದರ ಮೇಲೆ ಭಾರ ಬೀಳಲೇಬೇಕು. ಮೊದಲ ಒಂದೆರಡು ವಾರ ಸುಮ್ಮನಿರುವುದು ಸರಿ. ಮೂರು ತಿಂಗಳು ಕೈಕಟ್ಟಿ ಕೂತು, ನಾಲ್ಕನೇ ತಿಂಗಳು ಸೀದಾ ಬಂಡೆಗೆ ಹೋದವರ ಬೆರಳು ಮತ್ತೆ ಅಲ್ಲೇ ಹರಿದದ್ದು ನೋಡಿದ್ದೇನೆ. ಈ ಪಟ್ಟಿಗೆ ರಕ್ತ ಸಂಚಾರ ಕಮ್ಮಿ. ಅದಕ್ಕೇ ಮಾಂಸಖಂಡಕ್ಕಿಂತ ನಿಧಾನವಾಗಿ ವಾಸಿಯಾಗುತ್ತದೆ. ಮುಂಗೈಯ ಶಕ್ತಿ ವಾರಗಳಲ್ಲಿ ವಾಪಸ್ ಬರುತ್ತದೆ, ಪಟ್ಟಿಯದು ತಿಂಗಳುಗಳ ಕೆಲಸ. ‘ಕೈಯಲ್ಲಿ ಶಕ್ತಿ ಇದೆ, ಹತ್ತಬಲ್ಲೆ’ ಅಂತ ಅನ್ನಿಸುವುದು ಈ ಕಾರಣಕ್ಕೆ.

ಎಣ್ಣೆ ಹಾಕಿ ಮೆತ್ತಗೆ ನೀವಿದರೆ ತೊಂದರೆ ಇಲ್ಲ, ಹಿತವೂ ಆಗಬಹುದು. ಎಳೆಸುವುದು ಬೇಡ. ಉಳುಕು ತೆಗೆಯುವವರು ಬೆರಳನ್ನು ಲಟಕ್ ಅಂತ ಎಳೆದಾಗ ಅರ್ಧ ಕೂಡಿಕೊಂಡದ್ದು ಮತ್ತೆ ಬಿಡುತ್ತದೆ.

ಇಂಜೆಕ್ಷನ್ ಬಗ್ಗೆ ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ, ಆದರೆ ಅದು ಬೇರೆ ತೊಂದರೆಯ ಮದ್ದು. ಅಡಿಕೆ ಸುಲಿಯುವ ಕಾಲದಲ್ಲಿ ತೀರ್ಥಹಳ್ಳಿ, ಸಾಗರದ ಕಡೆಯಿಂದ ಹೆಂಗಸರು ನನ್ನ ಹತ್ತಿರ ಬರುತ್ತಾರೆ. ದಿನವಿಡೀ ಮೆಟ್ಟುಗತ್ತಿ ಮುಂದೆ ಕೂತು ಕೈ ಬಿಗಿಹಿಡಿದು, ಬೆರಳು ಮಡಚಿದರೆ ಟಕ್ ಅಂತ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಕೈಯಿಂದ ಬಿಡಿಸಬೇಕು. ಅದು ಅಂಗೈ ಅಂಚಿನ ಮೊದಲ ಪಟ್ಟಿ ದಪ್ಪವಾಗಿ ಟೆಂಡನ್‌ಗೆ ದಾರಿ ಇಕ್ಕಟ್ಟಾಗಿರುವುದು. ಅಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಎಷ್ಟೋ ಜನಕ್ಕೆ ಒಳ್ಳೆಯದು ಮಾಡಿದೆ. ಅವರ ಅತ್ತೆಗೆ ಆಗಿದ್ದು ಬಹುಶಃ ಅದೇ. ನಿಮ್ಮದು ಪೆಟ್ಟಾದ ಪಟ್ಟಿ. ಅದೇ ಮದ್ದು ಇಲ್ಲಿ ನೋವು ಅಡಗಿಸಿ, ಒಳಗಿನ ಪಟ್ಟಿಯನ್ನೂ ಟೆಂಡನ್ನನ್ನೂ ದುರ್ಬಲ ಮಾಡಬಹುದು. ಹತ್ತುವ ಮುಂಚೆ ನೋವಿನ ಮಾತ್ರೆ ನುಂಗುವುದೂ ಬೇಡ. ಎಲ್ಲಿ ನಿಲ್ಲಿಸಬೇಕು ಅಂತ ಹೇಳುವುದೇ ಆ ನೋವು.

ಟೇಪ್ ವಿಷಯಕ್ಕೆ ಬರೋಣ. ಬೆರಳ ಬುಡಕ್ಕೆ ಉಂಗುರದ ಹಾಗೆ ನಾಲ್ಕು ಸುತ್ತು ಸುತ್ತಿದರೆ ಹೆಚ್ಚಿನ ಉಪಯೋಗ ಇಲ್ಲ. ಹೆಚ್ ಅಕ್ಷರದ ಹಾಗೆ ಕತ್ತರಿಸಿ ಹಾಕುವ ವಿಧಾನ ಸ್ವಲ್ಪ ಕೆಲಸ ಮಾಡುತ್ತದೆ. ದುರ್ಗಿಗುಡಿಯ ಯಾವುದೇ ಮೆಡಿಕಲ್ ಶಾಪ್‌ನಲ್ಲಿ ಹಿಗ್ಗದ ಬಿಳಿ ಟೇಪ್ ಕೇಳಿ. ಎಳೆದರೆ ಹಿಗ್ಗುವಂಥದ್ದು ಬೇಡ. ಬೆರಳಿನಷ್ಟು ಅಗಲ, ಸುಮಾರು 10 ಸೆಂಟಿಮೀಟರ್ ಉದ್ದದ ತುಂಡು ತಗೊಳ್ಳಿ. ಎರಡೂ ತುದಿಯಿಂದ ಉದ್ದಕ್ಕೆ ಸೀಳಿ, ನಡುವೆ ಒಂದು ಸೆಂಟಿಮೀಟರ್ ಮಾತ್ರ ಸೀಳದೆ ಬಿಡಿ. ಆ ಸೀಳದ ಭಾಗ ಮಧ್ಯದ ಗೆಣ್ಣಿನ ಕೆಳಗೆ, ಅಂಗೈ ಕಡೆ ಕೂರಬೇಕು. ಬುಡದ ಕಡೆಯ ಎರಡು ಬಾಲಗಳನ್ನು ಮೊದಲು ಬಿಗಿಯಾಗಿ ಸುತ್ತಿ. ಆಮೇಲೆ ಬೆರಳನ್ನು ಅರ್ಧ ಮಡಚಿ ತುದಿ ಕಡೆಯ ಎರಡನ್ನು ಸುತ್ತಿ. ಉಗುರು ನೀಲಿಯಾದರೆ ಬಿಚ್ಚಿ ಮತ್ತೆ ಹಾಕಿ. ಇಷ್ಟೆಲ್ಲ ಮಾಡಿದರೂ ಟೆಂಡನ್ ಮೂಳೆಯಿಂದ ದೂರ ಹೋಗುವುದು ಸ್ವಲ್ಪ ಕಮ್ಮಿಯಾಗುತ್ತದೆ, ಅಷ್ಟೇ. ಹರಿದ ಪಟ್ಟಿಯ ಜಾಗವನ್ನು ಅದು ತುಂಬುವುದಿಲ್ಲ. ಚೆನ್ನಾಗಿರುವ ಬೆರಳಿಗೆ ಪೆಟ್ಟಾಗದ ಹಾಗೆ ತಡೆಯುವುದೂ ಇಲ್ಲ. ಸ್ಕ್ಯಾನ್‌ನಲ್ಲಿ ಪೂರ್ತಿ ಹರಿದದ್ದು ಕಂಡರೆ ನಿಮ್ಮ ಬೆರಳಿನ ಅಳತೆಗೆ ಪ್ಲಾಸ್ಟಿಕ್ ಉಂಗುರದ ಸ್ಪ್ಲಿಂಟ್ ಮಾಡಿಸುವುದು ಟೇಪಿಗಿಂತ ಮೇಲು. ಅದು ಪೆಟ್ಟಾದ ಹೊಸದರಲ್ಲಿ ಜಾಸ್ತಿ ಕೆಲಸ ಮಾಡುತ್ತದೆ, ಆದ್ದರಿಂದ ಈ ವಾರವೇ ನೋಡಿಸಿ.

ಮೈ ಬಿಸಿಯಾದ ಮೇಲೆ ನೋವಿರಲಿಲ್ಲ ಅಂದಿರಿ. ಇದು ಎಲ್ಲರನ್ನೂ ಮೋಸಗೊಳಿಸುತ್ತದೆ. ಹತ್ತುವಾಗಿನ ನೋವಿಗಿಂತ ಮಾರನೇ ಬೆಳಗಿನ ನೋವು ಹೆಚ್ಚು ನಿಜ ಹೇಳುತ್ತದೆ. ನಿಮಗೆ ಆ ಅಳತೆಗೋಲು ಆಗಲೇ ಸಿಕ್ಕಿದೆ: ನಿಮ್ಮ ಮನೆಯ ನಲ್ಲಿ. ಇನ್ನು ಮುಂದೆ ದಿನವೂ ಎದ್ದ ಕೂಡಲೇ ಅದೇ ನಲ್ಲಿ ತಿರುಗಿಸಿ, ನೋವಿಗೆ ಹತ್ತರಲ್ಲಿ ಎಷ್ಟು ಅಂತ ಮೊಬೈಲಿನಲ್ಲಿ ಬರೆದಿಡಿ.

ಮೂರು ವಾರಕ್ಕೆ ಕೆಲಸ ಹೇಳುತ್ತೇನೆ. ಸ್ಕ್ಯಾನ್‌ನಲ್ಲಿ ನಾಲ್ಕನೆಯ ಹಂತ ಅಲ್ಲ ಅಂತ ಖಚಿತವಾದ ಮೇಲೆ ಇದನ್ನು ಶುರುಮಾಡಿ. 2 ಸೆಂಟಿಮೀಟರ್ ದಪ್ಪದ ರೀಪರ್ ತುಂಡೊಂದನ್ನು ಅಂಗೈಗಿಂತ ಸ್ವಲ್ಪ ಉದ್ದಕ್ಕೆ ಕುಯ್ಯಿಸಿ, ಅಂಚನ್ನು ಉಪ್ಪು ಕಾಗದದಿಂದ ಉಜ್ಜಿ ನುಣ್ಣಗೆ ಮಾಡಿ. ನಡುವೆ ತೂತು ಕೊರೆದು ಹಗ್ಗ ಹಾಕಿ, ಹಗ್ಗದ ಇನ್ನೊಂದು ತುದಿಯನ್ನು 20 ಲೀಟರ್ ಪೇಂಟ್ ಬಕೆಟ್ಟಿಗೆ ಕಟ್ಟಿ. ಬಕೆಟ್ಟಿಗೆ ನೀರು ಹಾಕಿ. ಒಂದು ಲೀಟರ್ ಅಂದರೆ ಒಂದು ಕೆಜಿ, ಲೆಕ್ಕ ಸುಲಭ. ನಾಲ್ಕೂ ಬೆರಳ ತುದಿಯನ್ನು ತುಂಡಿನ ಅಂಚಿಗೆ ಕೊಟ್ಟು, ಬೆರಳು ಚಾಚಿದ ಹಾಗೇ ಇಟ್ಟುಕೊಂಡು, ಬಕೆಟ್ಟನ್ನು ನೆಲದಿಂದ ಒಂದು ಗೇಣು ಮೇಲೆತ್ತಿ. ಎಳೆಯುವುದು ನಿಧಾನವಾಗಿರಲಿ, ಜಗ್ಗಬೇಡಿ. ಹತ್ತು ಸೆಕೆಂಡು ಹಿಡಿದು ಇಳಿಸಿ, ಒಂದು ನಿಮಿಷ ಬಿಡಿ. ಹೀಗೆ ಆರು ಸಲ, ದಿನ ಬಿಟ್ಟು ದಿನ.

ಎಷ್ಟು ನೀರಿನಿಂದ ಶುರು? ಹತ್ತರಲ್ಲಿ ಎರಡಕ್ಕಿಂತ ಜಾಸ್ತಿ ನೋವಾಗದಷ್ಟು. ಅದು ನಾಲ್ಕು ಲೀಟರ್ ಆಗಿದ್ದರೂ ಬೇಜಾರು ಬೇಡ. ಎರಡು ಸಲ ಮಾಡಿ, ಎರಡೂ ಮಾರನೇ ಬೆಳಿಗ್ಗೆ ನಲ್ಲಿಯ ನೋವು ಏರದಿದ್ದರೆ ಒಂದೆರಡು ಲೀಟರ್ ಸೇರಿಸಿ. ಏರಿದರೆ ಹಿಂದಿನ ಅಳತೆಗೆ ಇಳಿಸಿ. ಬಕೆಟ್ ತುಂಬಿದ ಮೇಲೆ ನೀರು ಚೆಲ್ಲಿ ಮರಳು ಹಾಕಿ ತೂಕ ಮಾಡಿಕೊಳ್ಳಿ. ಎಡಗೈಯಲ್ಲೂ ಇದನ್ನೇ ಮಾಡಿ ನೋಡಿ, ಅದು ಎಷ್ಟು ಎತ್ತುತ್ತದೆ ಅನ್ನೋದು ನಿಮ್ಮ ಗುರಿ. ಬಲಗೈ ಅದರ ಮುಕ್ಕಾಲು ಭಾಗ ನೋವಿಲ್ಲದೆ ಎತ್ತುವ ತನಕ ನಾನು ಬಂಡೆಗೆ ಕಳಿಸುವುದಿಲ್ಲ. ಕ್ರಿಂಪ್ ಅಂತೂ ಎಲ್ಲಕ್ಕಿಂತ ಕೊನೆಗೆ.

ಎಡಗೈ ನಡುಬೆರಳಿನ ಕಥೆ ಬೇರೆ. ಪೆಟ್ಟಿಲ್ಲದೆ ನಿಧಾನವಾಗಿ ಬಂದದ್ದು, ಬೆಳಿಗ್ಗೆ ಬಿಗಿ, ಮಧ್ಯದ ಗೆಣ್ಣು. ಇದು ಗೆಣ್ಣಿನ ಒಳಪದರ ಊದಿಕೊಂಡಿರುವ ಲಕ್ಷಣ. ಮಿತಿ ಮೀರಿ ಕ್ರಿಂಪ್ ಹಿಡಿದವರಲ್ಲಿ ಸಾಮಾನ್ಯ. ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ ಕೈ ಇಟ್ಟು ಮೆತ್ತಗೆ ಮಡಚಿ ಬಿಡಿಸಿ. ಕ್ರಿಂಪ್ ಕಮ್ಮಿ ಮಾಡಿ, ಇಷ್ಟಕ್ಕೇ ಹೆಚ್ಚಿನವರಿಗೆ ಇಳಿಯುತ್ತದೆ. ನೆಟಿಗೆ ತೆಗೆದರೆ ಸಂಧಿವಾತ ಬರುತ್ತದೆ ಅನ್ನೋದಕ್ಕೆ ಆಧಾರ ಇಲ್ಲ. ಆದರೆ ಊದಿದ ಗೆಣ್ಣಿನ ನೆಟಿಗೆ ತೆಗೆಯಬೇಡಿ, ಕೆರಳುತ್ತದೆ. ಬಿಗಿತ ಒಂದೇ ಗೆಣ್ಣಿಗೆ ನಿಲ್ಲದೆ ಎರಡೂ ಕೈಯ ಹಲವು ಗೆಣ್ಣುಗಳಿಗೆ ಹಬ್ಬಿದರೆ, ದಿನವೂ ಅರ್ಧ ಗಂಟೆಗಿಂತ ಹೆಚ್ಚು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಅದಕ್ಕೆ ಕಾರಣ ಬಂಡೆ ಅಲ್ಲದೆ ಇರಬಹುದು.

ಎರಡು ಸಂದರ್ಭದಲ್ಲಿ ಮಾತ್ರ ಕಾಯಲೇಬಾರದು. ಪೆಟ್ಟಾದ ಮೇಲೆ ಬೆರಳಿನ ತುದಿಯ ಗೆಣ್ಣು ಮಡಚಲಿಕ್ಕೇ ಬರದಿದ್ದರೆ ಟೆಂಡನ್ ಮೂಳೆಯಿಂದ ಕಿತ್ತು ಬಂದಿರಬಹುದು. ವಾರ ಹತ್ತು ದಿನದೊಳಗೆ ಆಪರೇಷನ್ ಆದರೆ ಫಲ ಚೆನ್ನಾಗಿರುತ್ತದೆ, ತಡವಾದರೆ ಕಷ್ಟ. ಇನ್ನೊಂದು, ಬೆರಳಿಗೆ ಮುಳ್ಳು ಚುಚ್ಚಿ ಅಥವಾ ಕಲ್ಲು ಕೊಯ್ದು, ಒಂದೆರಡು ದಿನದಲ್ಲಿ ಇಡೀ ಬೆರಳು ಊದಿ, ಸ್ವಲ್ಪ ಮಡಚಿಕೊಂಡೇ ನಿಂತು, ಬೇರೆಯವರು ನೆಟ್ಟಗೆ ಮಾಡಿದರೆ ಪ್ರಾಣ ಹೋಗುವಷ್ಟು ನೋವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಟೆಂಡನ್ ಕೊಳವೆಯ ಒಳಗೆ ಕೀವಾಗಿದ್ದರೆ ಬೆರಳನ್ನೇ ಕಳೆದುಕೊಳ್ಳಬಹುದು.

ಇನ್ನು ಟ್ರಿಪ್. ಮೂರು ವಾರದ ಹೊತ್ತಿಗೆ ಪೆಟ್ಟಾಗಿ ಎಂಟು ವಾರ ಆಗಿರುತ್ತದೆ. ಬಕೆಟ್ಟಿನ ಲೆಕ್ಕ ಮುಕ್ಕಾಲಿಗೆ ಮುಟ್ಟಿರದಿದ್ದರೆ ಬಂಡೆ ಹತ್ತುವ ಶೂ ಮನೆಯಲ್ಲೇ ಬಿಟ್ಟು ಹೋಗಿ. ನಿಜವಾಗಿ ಹೇಳುತ್ತಿದ್ದೇನೆ, ಕಾರಲ್ಲಿ ಶೂ ಇದ್ದರೆ ಸಂಜೆ ಐದಕ್ಕೆ ಅದು ಕಾಲಿಗೆ ಬರುತ್ತದೆ. ಬೀಳುವ ಜಾಗಕ್ಕೆ ಹಾಸುವ ಪ್ಯಾಡ್ ಸರಿಸುವುದು, ಬೀಳುವವರಿಗೆ ಕೈ ಕೊಟ್ಟು ಕಾಯುವುದು ಸಣ್ಣ ಕೆಲಸ ಅಲ್ಲ. ಆದರೆ ಬೀಳುವವರನ್ನು ಬೆರಳಿಂದ ಹಿಡಿಯಬೇಡಿ, ಅಂಗೈಯಿಂದ ಬೆನ್ನಿಗೆ ಕೊಟ್ಟು ಪ್ಯಾಡಿನ ಕಡೆ ತಿರುಗಿಸಿ. ಅಥವಾ ಈ ಸಲಕ್ಕೆ ಗೆಳೆಯರನ್ನೇ ಒಪ್ಪಿಸಿ ಕೊಡಚಾದ್ರಿ ಹತ್ತಿ ಬನ್ನಿ. 1343 ಮೀಟರ್, ಎಲ್ಲ ಕಾಲಿನ ಕೆಲಸ.

ಲೆಕ್ಕ ಮುಟ್ಟಿದ್ದರೆ ಹತ್ತಿ, ಆದರೆ ಬಂಡೆ ನೀವು ಆರಿಸಿ. ಒರಗಿಕೊಂಡ ಸ್ಲ್ಯಾಬ್‌ಗಳು ನಿಮಗೆ ಸರಿ. ಅಲ್ಲಿ ಭಾರ ಕಾಲಿನ ಮೇಲಿರುತ್ತದೆ. ಅಂಗೈ ಪೂರ್ತಿ ಊರುವಂಥ ದೊಡ್ಡ ಹಿಡಿತ ಆಗಬಹುದು. ಮುಂದಕ್ಕೆ ಚಾಚಿದ ಬಂಡೆ, ಒಂದೆರಡು ಬೆರಳು ಮಾತ್ರ ಹೋಗುವ ತೂತು, ಹಾರಿ ಹಿಡಿಯುವುದು ಬೇಡ. ಕಾಲಿಡುವ ಜಾಗ ನಂಬಿಕೆಗೆ ಬರದಿದ್ದರೆ ಬಿಟ್ಟುಬಿಡಿ, ನಿಮ್ಮ ಬೆರಳು ಹರಿದಿದ್ದು ಕಾಲು ಜಾರಿದ್ದಕ್ಕೇ. ಪ್ರತಿ ಸಲ ಹತ್ತುವ ಮುಂಚೆ ಶೂ ತಳ ಒರೆಸಿಕೊಳ್ಳಿ. ನಾಲ್ಕೈದು ಗಂಟೆ ಕಾರಲ್ಲಿ ಕೂತು ಇಳಿದ ತಕ್ಷಣ ಬಂಡೆ ಮುಟ್ಟಬೇಡಿ. ಚಳಿಗಾಲದ ಬೆಳಿಗ್ಗೆ ಬೆರಳು ಮರಗಟ್ಟಿರುತ್ತದೆ, ಇಪ್ಪತ್ತು ನಿಮಿಷ ಓಡಾಡಿ, ಮುಷ್ಟಿ ಕಟ್ಟಿ ಬಿಡಿಸಿ, ಸುಲಭದ್ದರಿಂದ ಶುರುಮಾಡಿ. ಆ ಕಡೆಯ ಕಲ್ಲು ಒರಟು ಗ್ರಾನೈಟ್. ಮಧ್ಯಾಹ್ನದ ಹೊತ್ತಿಗೆ ಬೆರಳ ಚರ್ಮ ಸವೆದು ಹಿಡಿತ ಜಾರತೊಡಗುತ್ತದೆ. ಆಗ ನಮಗೆ ಗೊತ್ತಿಲ್ಲದೆ ಕ್ರಿಂಪ್‌ಗೆ ಹೋಗುತ್ತೇವೆ. ಆದ್ದರಿಂದ ನಿಮ್ಮ ದಿನ ಚರ್ಮ ಉರಿಯತೊಡಗಿದಾಗ ಮುಗಿಯಿತು. ಈ ಮಾತನ್ನು ಹೊರಡುವ ಮುಂಚೆಯೇ ಮೂವರಿಗೂ ಹೇಳಿಬಿಡಿ. ‘ಬಾರೋ ಮಾರಾಯ, ಏನಾಗಲ್ಲ’ ಅನ್ನುವವರೇ ಆಗ ನಿಮ್ಮನ್ನು ತಡೆಯುತ್ತಾರೆ. ಗೆಳೆಯರು ಕೆಟ್ಟವರಲ್ಲ, ಅವರಿಗೆ ನಿಮ್ಮ ನಲ್ಲಿಯ ವಿಷಯ ಗೊತ್ತಿಲ್ಲ, ಅಷ್ಟೇ.

ಟೇಪ್ ಹಾಕಿ ಮೊದಲಿನ ಹಾಗೇ ಹತ್ತುತ್ತೇನೆ ಅನ್ನೋದು ಮೂರನೆಯ ದಾರಿ. ಅರ್ಧ ಹರಿದದ್ದು ಪೂರ್ತಿ ಹರಿಯಬಹುದು, ಪಕ್ಕದ ಪಟ್ಟಿಗೂ ಹಬ್ಬಬಹುದು. ಆಪರೇಷನ್ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ಆಗ ನನ್ನ ಉತ್ತರ ಬದಲಾಗುತ್ತದೆ.

ಕೊನೆಗೆ ಆ ಹುಡುಗ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸಿದ್ದು ಆ ಕೊನೆಯ ಸಾಲು. ಹದಿನೈದು ಹದಿನಾರರ ವಯಸ್ಸಿನಲ್ಲಿ ಬೆರಳಿನ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಬೆಳೆಯುವ ಜಾಗ ಮೆತ್ತಗಿರುತ್ತದೆ, ಪಟ್ಟಿಗಿಂತ ಮೊದಲು ಅದೇ ಸೋಲುತ್ತದೆ. ದೊಡ್ಡವರಲ್ಲಿ ಪಟ್ಟಿ ಹರಿದರೆ ಮಕ್ಕಳಲ್ಲಿ ಮೂಳೆ ಬಿರುಕು ಬಿಡುತ್ತದೆ. ಟಪ್ ಅಂತ ಶಬ್ದವೂ ಬರುವುದಿಲ್ಲ, ಮಧ್ಯದ ಗೆಣ್ಣಿನ ಮೇಲುಭಾಗದಲ್ಲಿ ನಿಧಾನವಾಗಿ ನೋವು ಶುರುವಾಗುತ್ತದೆ. ಅದರ ಮೇಲೇ ಹತ್ತುತ್ತಾ ಹೋದರೆ ಬೆರಳು ಸೊಟ್ಟಗೆ ಬೆಳೆಯಬಹುದು, ಗೆಣ್ಣು ಪೂರ್ತಿ ಮಡಚದೆ ಉಳಿಯಬಹುದು. ನಿಮಗೆ ಎಕ್ಸ್-ರೇ ಏನೂ ಹೇಳಲಿಲ್ಲ, ಆದರೆ ಅವನಿಗೆ ಮೊದಲು ಬೇಕಾದದ್ದು ಅದೇ. ಮುಂದಿನಿಂದಲೂ ಪಕ್ಕದಿಂದಲೂ ತೆಗೆಸಿ. ಅದರಲ್ಲಿ ಕಾಣದೆ ನೋವು ಮಾತ್ರ ಉಳಿದರೆ ಎಂಆರ್‌ಐ ಮಾಡಿಸಬೇಕಾಗಬಹುದು. ಬಿರುಕು ಬೇಗ ಸಿಕ್ಕಿದರೆ ಒಂದೆರಡು ತಿಂಗಳು ಹತ್ತುವುದು ನಿಲ್ಲಿಸಿದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಟೇಪ್ ಅವನಿಗೆ ಬೇಡವೇ ಬೇಡ. ಅವನ ಅಪ್ಪ ಅಮ್ಮನಿಗೆ ಇವತ್ತೇ ಫೋನ್ ಮಾಡಿ ಹೇಳಿ. ವರದಿ ಕೈಗೆ ಬರುವ ತನಕ ಅವನು ಬಂಡೆಯಿರಲಿ, ಬಕೆಟ್ಟಿನ ಆ ಮರದ ತುಂಡನ್ನೂ ಮುಟ್ಟುವುದು ಬೇಡ.